‘ಸಂಡಿಗೆ’ಗೆ ಯಜಮಾನರು ಯಾರು?

ಶುಕ್ರವಾರದೊಳಗೆ ಯಜಮಾನರು ಸಿಗದಿದ್ದರೆ ‘ಸಂಡಿಗೆ’ಯನ್ನು ಅಳಿಸಿಹಾಕಿ ಎಂದು ನಿರಂಜನ್ ಸರ್ ಹೇಳಿದಾಗ ನನಗೆ ನಗು ಬಂತು. ಅವರಿಗೆ ಬರಲಿಲ್ಲ. ಅವರಿಗೆ ನಗು ಬರುವುದು ತಿಂಗಳ ಕೊನೆಗೆ, ಅದೂ ಸರ್ವರ್ ಒಂದು ಸಲವೂ ಮಲಗದೆ ಇದ್ದರೆ.

ನಾನು ಧರಣಿ. ಕಡಕೊಳದಲ್ಲಿ ರಬ್ಬರ್ ಹೋಸ್ ಮಾಡುವ ಕಾರ್ಖಾನೆಯೊಂದರಲ್ಲಿ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ನನ್ನ ಕೆಲಸ ಏನೆಂದು ದಟ್ಟಗಳ್ಳಿಯ ನಮ್ಮ ಬೀದಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಕ್ಕದ ಮನೆಯವರು ನನ್ನನ್ನು ಪೋಸ್ಟಾಫೀಸಿನವಳೆಂದೇ ತಿಳಿದಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ತೀರಾ ತಪ್ಪೇನೂ ಅಲ್ಲವಲ್ಲ.

ನಮ್ಮಲ್ಲಿ ಪಟ್ಟಿ ಎಂದರೆ ಒಂದು ವಿಳಾಸ. ಅದಕ್ಕೆ ಒಂದು ಮೇಲ್ ಕಳಿಸಿದರೆ ಸಾಕು, ಅದರೊಳಗೆ ಹೆಸರಿರುವವರಿಗೆಲ್ಲ ತಲುಪುತ್ತದೆ. ಕಾರ್ಖಾನೆ ಶುರುವಾದಾಗಿನಿಂದ ಬಂದವರೆಲ್ಲ ಮನಸ್ಸಿಗೆ ಬಂದಂತೆ ಪಟ್ಟಿ ಮಾಡುತ್ತ ಹೋಗಿದ್ದರು, ಅಳಿಸುವ ಗೋಜಿಗೆ ಮಾತ್ರ ಯಾರೂ ಹೋಗಿರಲಿಲ್ಲ. ಆಟಗಾರರೆಲ್ಲ ನಿವೃತ್ತರಾಗಿ ಮೊಮ್ಮಕ್ಕಳನ್ನು ಆಡಿಸುತ್ತಿದ್ದರೂ ಕ್ರಿಕೆಟ್ ತಂಡದ ಪಟ್ಟಿ ಇತ್ತು. ಯಾವುದೋ ಸಾಹೇಬರ ಬೀಳ್ಕೊಡುಗೆಗೆಂದು ಮಾಡಿದ ಪಟ್ಟಿ, ಸಾಹೇಬರು ಹೋದರೂ ಅದು ಹೋಗಿರಲಿಲ್ಲ. ಪಟ್ಟಿಯೊಳಗೆ ಪಟ್ಟಿ, ಅದರ ಹೊಟ್ಟೆಯೊಳಗೆ ಇನ್ನೊಂದು. ಎರಡು ಪಟ್ಟಿಗಳಂತೂ ಒಂದರೊಳಗೊಂದು ಸೇರಿಕೊಂಡು, ಯಾರೋ ಕಳಿಸಿದ ಯುಗಾದಿ ಶುಭಾಶಯ ಎರಡರ ನಡುವೆ ಗಾಣದೆತ್ತಿನ ಹಾಗೆ ಸುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ‘ಎಲ್ಲರೂ’ ಎಂಬ ಪಟ್ಟಿ. ಸ್ಟೋರ್ಸಿನವರೊಬ್ಬರು ತಮ್ಮ ಹಳೆಯ ಸ್ಕೂಟರ್ ಮಾರಾಟಕ್ಕಿದೆ ಎಂದು ಅದಕ್ಕೆ ಬರೆದರು. ಒಬ್ಬರು ‘ನನ್ನನ್ನು ಈ ಪಟ್ಟಿಯಿಂದ ತೆಗೆಯಿರಿ’ ಎಂದು ಎಲ್ಲರಿಗೂ ಉತ್ತರಿಸಿದರು. ‘ಎಲ್ಲರಿಗೂ ಉತ್ತರಿಸಬೇಡಿ’ ಎಂದು ಇನ್ನೊಬ್ಬರು ಎಲ್ಲರಿಗೂ ಉತ್ತರಿಸಿದರು. ಸಂಜೆಯ ಹೊತ್ತಿಗೆ ಸರ್ವರ್ ಅಡ್ಡಡ್ಡ ಮಲಗಿತ್ತು. ಸ್ಕೂಟರ್ ಮಾರಾಟವಾಯಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಈಗ ಎಲ್ಲವನ್ನೂ ಹೊಸ ಸರ್ವರಿಗೆ ಸಾಗಿಸಬೇಕಿತ್ತು. ಮನೆ ಬದಲಾಯಿಸುವಾಗ ಹಳೆ ಡಬ್ಬಗಳನ್ನೆಲ್ಲ ಹೊತ್ತುಕೊಂಡು ಹೋಗುವುದು ಬೇಡ ಎಂದು ನಿರಂಜನ್ ಸರ್ ಒಂದು ನಿಯಮ ಮಾಡಿದರು. ಪ್ರತಿ ಪಟ್ಟಿಗೂ ಒಬ್ಬ ಯಜಮಾನ ಇರಬೇಕು, ಕೆಲಸದಲ್ಲಿರುವ ವ್ಯಕ್ತಿ. ಯಜಮಾನರಿಲ್ಲದ ಪಟ್ಟಿಗಳ ಬಾಯಿಯನ್ನು ಸೋಮವಾರದಿಂದ ಮುಚ್ಚಿಡುವುದು. ಮೇಲ್ ಬಂದರೆ ಯಾರಿಗೂ ಹೋಗದೆ ನನ್ನ ಬಳಿ ತಡೆದು ನಿಲ್ಲುತ್ತದೆ. ‘ನಮ್ಮ ಮೇಲ್ ಎಲ್ಲಿ’ ಎಂದು ಯಾರಾದರೂ ಕೂಗಿದರೆ ಬಾಯಿ ಬಿಚ್ಚುವುದು. ಕೂಗದಿದ್ದರೆ ಶುಕ್ರವಾರ ಅಳಿಸುವುದು.

“ಬೇಕಾದೋರು ಕೂಗ್ತಾರೆ ಧರಣಿ. ಕೂಗ್ಲಿಲ್ಲ ಅಂದ್ರೆ ಬೇಕಾಗಿಲ್ಲ ಅಂತ ಅರ್ಥ,” ಎಂದರು ಸರ್. ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಹಾಗೆ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು.

ಸೋಮವಾರ ಹನ್ನೊಂದರ ಚಹಾಕ್ಕೆ ಮುಂಚೆ, ಯಜಮಾನರಿಲ್ಲದ ‘ಸಂಡಿಗೆ’ ಎಂಬ ಪಟ್ಟಿಗೆ ಒಂದು ಮೇಲ್ ಬಂದು ನನ್ನ ಬಳಿ ನಿಂತಿತು. ತೆರೆದೆ. ಒಳಗೆ ಒಂದೇ ಪದ: ಬೇಡ.

ಯಾರಿಗೆ ಏನು ಬೇಡ? ವಿಷಯ ಇಲ್ಲ, ಹೆಸರಿಲ್ಲ, ವಂದನೆಗಳಿಲ್ಲ. ಮಂಗಳವಾರ ಮತ್ತೆ ಅದೇ ಹೊತ್ತಿಗೆ, ಅದೇ ಪದ. ಹಳೆಯ ದಾಖಲೆ ತಿರುವಿದೆ. ವರ್ಷಗಳಿಂದ ಇದೇ ನಡೆದಿತ್ತು. ಮಳೆಗಾಲದಲ್ಲಿ ಒಂದೂ ಇಲ್ಲ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ ಶುರು, ಒಂದೊಂದು ವಾರ ಮೂರು ನಾಲ್ಕು, ಒಂದೊಂದು ವಾರ ಒಂದೂ ಇಲ್ಲ. ಎಲ್ಲವೂ ‘ಬೇಡ’. ಒಂದು ಸಲವೂ ಯಾರೂ ಉತ್ತರ ಬರೆದಿರಲಿಲ್ಲ. ಕಳಿಸುತ್ತಿದ್ದುದು ಎರಡನೇ ಗೇಟಿನ ಕಂಪ್ಯೂಟರು. ಪಟ್ಟಿ ಮಾಡಿದವರು ಲಿಂಗರಾಜು ಎಂಬ ಎಂಜಿನಿಯರು. ಅವರು ನಿವೃತ್ತರಾಗಿ, ಆಮೇಲೆ ತೀರಿಯೂ ಹೋಗಿದ್ದರು. ಅವರನ್ನು ಕೇಳುವ ದಾರಿ ಹಾಗೆ ಮುಚ್ಚಿತ್ತು.

ಆ ಎರಡು ದಿನ ‘ಊರು’ ಎಂಬ ಇನ್ನೊಂದು ಪಟ್ಟಿಗೂ ಒಂದೊಂದು ಮೇಲ್ ಬಂದು ನಿಂತಿದ್ದು ಪರದೆಯ ಮೂಲೆಯಲ್ಲಿ ಕಂಡಿತ್ತು. ಜಾಹೀರಾತು ಇರಬೇಕೆಂದು ತೆರೆಯಲಿಲ್ಲ. ನನ್ನ ತಲೆಯ ತುಂಬ ‘ಬೇಡ’ವೇ ತುಂಬಿಕೊಂಡಿತ್ತು.

ಕುತೂಹಲ ನನಗೆ ಹುಟ್ಟಿನಿಂದ ಬಂದ ಕಾಯಿಲೆ. ಬಸ್ಸಿನಲ್ಲಿ ಮುಂದಿನ ಸೀಟಿನವರು ಪತ್ರಿಕೆ ಮಡಿಸಿದರೆ, ನಾನು ಓದುತ್ತಿದ್ದ ಸುದ್ದಿಯ ಉಳಿದರ್ಧಕ್ಕಾಗಿ ಇಡೀ ದಿನ ಚಡಪಡಿಸುತ್ತೇನೆ. ಬುಧವಾರ ಊಟದ ಡಬ್ಬಿಯನ್ನೂ ತೆರೆಯದೆ ಎರಡನೇ ಗೇಟಿಗೆ ನಡೆದೆ.

ಎರಡನೇ ಗೇಟು ಕಾರ್ಖಾನೆಯ ಬೆನ್ನಿಗಿದೆ, ಊರಿನ ಕಡೆಗೆ. ಗೇಟಿನ ಆಚೆ ಒಂದು ಓಣಿ, ಓಣಿಯಾಚೆ ಮನೆಗಳು. ಬೆಳಗಿನ ಪಾಳಿಯ ಕಾವಲುಗಾರ ಬೀರಯ್ಯ ಕುರ್ಚಿಯಿಂದೆದ್ದು ಟೋಪಿ ಸರಿಮಾಡಿಕೊಂಡ.

“ಬೀರಯ್ಯನವರೇ, ‘ಬೇಡ’ ಅಂತ ಮೇಲ್ ಕಳಿಸೋದು ನೀವಾ?”

“ಊಂ ಮೇಡಮ್ಮೋರೆ. ಯಾಕೆ, ತಪ್ಪಾಯ್ತಾ?”

“ತಪ್ಪಲ್ಲ. ಏನು ಬೇಡ ಅಂತ?”

“ಅದು ನಂಗೊತ್ತಿಲ್ಲ. ಅಗೋ, ಆ ತಾರ್ಸಿ ಕಾಣ್ತದಲ್ಲ, ಅದ್ರ ಮ್ಯಾಲೆ ಕೆಂಪು ಸೀರೆ ಕಟ್ಟಿದ್ರೆ ಸಂಡಿಗೆಗೆ ‘ಬೇಡ’ ಅಂತ ಕಳ್ಸದು. ಕಟ್ದೆ ಇದ್ರೆ ಸುಮ್ಕಿರದು. ಅಷ್ಟೇಯ.”

“ಯಾರು ಹೇಳಿದ್ದು?”

“ನಂಗೆ ಮುಂಚೆ ಇಲ್ಲಿದ್ದೋನು. ಅವನ್ಗೆ ಅವನ್ಗಿಂತ ಮುಂಚೆ ಇದ್ದೋನು.”

“ಯಾಕೆ ಅಂತ ಕೇಳಲಿಲ್ವಾ ನೀವು?”

ಬೀರಯ್ಯ ನನ್ನನ್ನು ಮಗುವನ್ನು ನೋಡುವಂತೆ ನೋಡಿದ. “ಕೇಳುದ್ರೆ ಕೆಲ್ಸ ಜಾಸ್ತಿ ಆಯ್ತದೆ ಮೇಡಮ್ಮೋರೆ. ಹತ್ತೊರ್ಸದಿಂದ ಕಳುಸ್ತಾ ಇವ್ನಿ, ಯಾರೂ ಬೈದಿಲ್ಲ. ಯಾರೂ ಬೈದಿಲ್ಲ ಅಂದ್ರೆ ಸರ್ಯಾಗೇ ಕಳುಸ್ತಾ ಇವ್ನಿ ಅಂತ ತಾನೇ?”

ಇವರೂ ನಿರಂಜನ್ ಸರ್ ಪಾಠಶಾಲೆಯಲ್ಲೇ ಓದಿದ್ದಾರೆ ಎಂದುಕೊಂಡೆ. ತಾರಸಿಯ ಕಡೆ ನೋಡಿದೆ. ಆ ದಿನ ಸೀರೆ ಇರಲಿಲ್ಲ. ಗೋಡೆಯ ಅಂಚಿಗೆ ಬರಿಯ ಹಗ್ಗ ಜೋತಾಡುತ್ತಿತ್ತು.

ಸೀರೆ ಕಟ್ಟುವವರು ಆ ತುದಿಯಲ್ಲಿದ್ದರೆ ಮೇಲ್ ಓದುವವರು ಈ ತುದಿಯಲ್ಲಿ ಇರಲೇಬೇಕು. ವಾಪಸ್ಸು ಬಂದು ‘ಸಂಡಿಗೆ’ಯ ಹೊಟ್ಟೆ ಬಗೆದೆ. ಒಳಗೆ ಒಂದು ಪಟ್ಟಿ, ಅದರೊಳಗೆ ಇನ್ನೊಂದು. ಅದರಲ್ಲಿ ಊರು ಬಿಟ್ಟವರು, ಕೆಲಸ ಬಿಟ್ಟವರು, ಯಾರ ವಿಳಾಸವೂ ಬದುಕಿರಲಿಲ್ಲ. ಜೀವ ಇದ್ದದ್ದು ಒಂದಕ್ಕೇ, ಬಾಯ್ಲರ್ ಮನೆಯ ವಿಳಾಸಕ್ಕೆ.

ಬಾಯ್ಲರ್ ಮನೆಯೊಳಗೆ ಮಾತು ಎನ್ನುವುದು ಸಾಧ್ಯವಿಲ್ಲ. ಹಬೆಯ ಸದ್ದು ಎದೆಗೇ ಬಡಿಯುತ್ತದೆ. ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡು ನಿಂತಿದ್ದ ಆಪರೇಟರ್ ಪ್ರಸನ್ನ ನನ್ನನ್ನು ಕಂಡು ಹೊರಗೆ ಬೇವಿನ ಮರದ ಕೆಳಗೆ ಕರೆದುಕೊಂಡು ಬಂದ. ಬಾಯ್ಲರ್ ಮನೆಯವರು ಫೋನ್ ಒಳಗೆ ತರುವಂತಿಲ್ಲ, ಗೇಟಿನಲ್ಲೇ ಕೊಟ್ಟು ಬರಬೇಕು. ಇಂಟರ್‌ಕಾಮ್ ಬಡಿದುಕೊಂಡರೂ ಯಾರಿಗೂ ಕೇಳುವುದಿಲ್ಲ. ಏನಿದ್ದರೂ ಕಂಪ್ಯೂಟರಿನ ಪರದೆ ನೋಡಿಯೇ ತಿಳಿಯಬೇಕು ಎಂದು ಹೇಳಿದ.

“‘ಬೇಡ’ ಅಂತ ಮೇಲ್ ಬರುತ್ತಲ್ಲ, ಅದು ಬಂದರೆ ಏನು ಮಾಡ್ತೀರಿ?”

“ಮಸಿ ಊದಲ್ಲ ಮೇಡಂ. ಕೊಳವೆಗಳಲ್ಲಿ ಮಸಿ ಕಟ್ತದೆ, ದಿನಾ ಟೀ ಆದ್ಮೇಲೆ ಹಬೆ ಬಿಟ್ಟು ಊದ್ಬೇಕು. ಎಲ್ಲಾ ಚಿಮಣಿಯಿಂದ ಆಚೆ ಹೋಯ್ತದೆ. ‘ಬೇಡ’ ಬಂದ ದಿನ ಹೊತ್ತು ಮುಳುಗೋವರ್ಗೂ ತಡ್ಕತೀವಿ, ಆಮೇಲೆ ಊದ್ತೀವಿ.”

“ಯಾಕೆ?”

“ಯಾರೋ ದೊಡ್ಡ ಸಾಹೇಬ್ರ ಆರ್ಡರು ಅಂತ ನಾನು ತಿಳ್ಕೊಂಡಿದ್ದೆ. ಅವತ್ತು ಯಾರಾದ್ರೂ ಗೆಸ್ಟು ಬರ್ತಾರೇನೋ ಅಂತ.” ಪ್ರಸನ್ನ ತಲೆ ಕೆರೆದುಕೊಂಡ. “ಈ ವಾರ ಒಂದೂ ಬಂದಿಲ್ಲ ಬುಡಿ. ದಿನಾ ಟೈಮಿಗೆ ಸರ್ಯಾಗಿ ಊದ್ಬುಟ್ಟಿದ್ದೀನಿ.”

ಅವನು ಅದನ್ನು ಹೆಮ್ಮೆಯಿಂದ ಹೇಳಿದ. ಈ ವಾರ ಎರಡು ಬಂದಿದ್ದವು. ಎರಡೂ ನನ್ನ ಬಳಿ ಕೂತಿದ್ದವು. ಕೆಂಪು ಸೀರೆ, ಬಿಸಿಲುಕಾಲ, ತಾರಸಿ, ಮಸಿ, ಜೊತೆಗೆ ಆ ಪಟ್ಟಿಯ ಹೆಸರು. ಇಷ್ಟು ಹೊತ್ತು ತಮಾಷೆಯ ಹೆಸರು ಎಂದುಕೊಂಡಿದ್ದು ತಮಾಷೆಯಾಗಿರಲಿಲ್ಲ.

ಪರ್ಮಿಷನ್ ಚೀಟಿ ಬರೆಸಿಕೊಂಡು ಗೇಟು ದಾಟಿ ಆ ಮನೆಗೆ ಹೋದೆ. ಬಾಗಿಲಲ್ಲಿ ಕೂತಿದ್ದ ಹೆಂಗಸು ನನ್ನ ಕೊರಳಿನ ಗುರುತಿನ ಚೀಟಿ ನೋಡಿದ್ದೇ ಎದ್ದು ನಿಂತರು. ಚಲುವಮ್ಮ. ಓಣಿಯ ಹೆಂಗಸರನ್ನೆಲ್ಲ ಸೇರಿಸಿಕೊಂಡು ಸಂಡಿಗೆ ಮಾಡಿಸುವವರು ಅವರೇ ಎಂದು ಆಮೇಲೆ ತಿಳಿಯಿತು. ಆಗ ತಿಳಿದದ್ದು ಅವರಿಗೆ ಸಿಟ್ಟು ಬಂದಿದೆ ಎನ್ನುವುದು ಮಾತ್ರ.

“ಇವತ್ತು ನೆಪ್ಪಾಯ್ತಾ ನಿಮ್ಗೆ? ಬಾರವ್ವ, ಬಾ. ಹತ್ತು ಮ್ಯಾಕೆ, ನೋಡು.”

ತಾರಸಿಯ ಮೇಲೆ ಹಳೇ ಪಂಚೆ, ಸೀರೆಗಳನ್ನು ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಬೂದುಗುಂಬಳ ತುರಿದು, ಅರಳು ಕಲೆಸಿ, ಉಂಡೆ ಉಂಡೆಯಾಗಿ ಇಟ್ಟದ್ದು. ಅರ್ಧ ಒಣಗಿತ್ತು. ದೂರದಿಂದ ಬೆಳ್ಳಗೆ ಕಂಡಿತು. ಬಗ್ಗಿ ನೋಡಿದೆ. ಒಂದೊಂದರ ಮೇಲೂ ಕಪ್ಪು ಚುಕ್ಕೆಗಳು ಅಂಟಿದ್ದವು.

“ಅರ್ಳು ಸಂಡಿಗೆ ಅನ್ಬೇಕಾ ಇದ್ನ, ಎಳ್ಳು ಸಂಡಿಗೆ ಅನ್ಬೇಕಾ? ಒಣಗ್ದ ಮ್ಯಾಲೆ ಬಿದ್ರೆ ಕೊಡ್ವುದ್ರೆ ಉದ್ರೋಯ್ತದೆ ಕಣವ್ವ. ಹಸೀದ್ರ ಮ್ಯಾಲೆ ಬಿದ್ರೆ ಕಚ್ಕಂಡ್ಬುಡ್ತದೆ. ಹಸಿ ಇಡೋ ದಿನ ಸೀರೆ ಕಟ್ಟಿ, ಮಸಿ ಬರ್ದಂಗೆ ನಾನು ನೋಡ್ಕತೀನಿ ಅಂತ ಆ ಲಿಂಗರಾಜಪ್ನೋರು ಮಾತು ಕೊಟ್ಟಿದ್ರು. ಒಂದು ವರ್ಸ ಹಿಂಗೇ ಆಗಿತ್ತು. ಮೊರದಲ್ಲಿ ತುಂಬ್ಕಂಡೋಗಿ ಅವ್ರ ಮೇಜಿನ ಮ್ಯಾಲೆ ಸುರುದ್ಬುಟ್ಟಿದ್ದೆ. ಒಂದು ಬಾಯ್ಗಾಕಂಡು ನೋಡುದ್ರು ಪುಣ್ಯಾತ್ಮ. ಮಾರ್ನೆ ದಿನದಿಂದ ಮಸಿ ನಿಂತೋಯ್ತು. ಬರ್ದಿದ್ದಿಲ್ಲ, ರುಜು ಇಲ್ಲ, ಬರೀ ಮಾತು. ಇಷ್ಟು ವರ್ಸ ನಡೀತು. ಈಗೇನಾಯ್ತು ನಿಮ್ಗೆ ದೊಡ್ರೋಗ?”

ಪಟ್ಟಿ, ಸರ್ವರ್, ಯಜಮಾನ ಎಂದೆಲ್ಲ ಹೇಳಬಹುದಿತ್ತು. ಆ ಕಪ್ಪು ಚುಕ್ಕೆಗಳ ಮುಂದೆ ನಿಂತು ಅದನ್ನೆಲ್ಲ ಹೇಳಲು ನಾಚಿಕೆಯಾಯಿತು.

ಸ್ವಲ್ಪ ತಣ್ಣಗಾದ ಮೇಲೆ ಚಲುವಮ್ಮನೇ ಹೇಳಿದರು. ಅಗ್ರಹಾರದಲ್ಲಿ ಅಲಮೇಲು ಎನ್ನುವವರ ಹಪ್ಪಳ ಸಂಡಿಗೆಯ ಅಂಗಡಿ ಇದೆ. ಓಣಿಯ ಹೆಂಗಸರು ಮಾಡಿದ್ದೆಲ್ಲ ಹೋಗುವುದು ಅಲ್ಲಿಗೆ. ಮದುವೆ ಕಾಲ ಬರುತ್ತಿತ್ತು, ದೊಡ್ಡ ಆರ್ಡರು ಕೊಟ್ಟಿದ್ದರು. ಸೋಮವಾರ ಇಟ್ಟಿದ್ದರಲ್ಲಿ ಒಂದಿಷ್ಟನ್ನು ತೋರಿಸಲು ಒಯ್ದಾಗ ಅವರು ಬೆರಳಿನಿಂದ ಒರೆಸಿ ನೋಡಿ, ಹಾಗೇ ವಾಪಸ್ಸು ಕಳಿಸಿದ್ದರು.

“‘ಚಲುವಮ್ಮ, ನಿನ್ನ ಕೈಮೇಲೆ ನಂಬಿಕೆ ಇಟ್ಟು ನೋಡದೇ ತಗೋತಿದ್ದೆ. ಬರೋ ಸೋಮವಾರ ಇನ್ನೊಂದು ಸಲ ತೋರಿಸು. ಅದ್ರಲ್ಲೂ ಕಪ್ಪು ಇದ್ರೆ ನಾನು ಬೇರೆ ಕಡೆ ನೋಡ್ಕೋತೀನಿ’ ಅಂದ್ರು. ಬೈದಿದ್ರೆ ಬೈಸ್ಕತಿದ್ದೆ ಕಣವ್ವ. ಬೈನಿಲ್ಲ. ಇವರೆಲ್ಲಾ ನನ್ನ ನಂಬ್ಕಂಡು ಕುಂಬ್ಳಕಾಯಿ ತುರ್ಯಕ್ಕೆ ಬತ್ತಾರೆ. ಆ ಅಂಗ್ಡಿ ತಪ್ಪೋದ್ರೆ ಏನಂತ ಯೋಳ್ಲಿ?” ಅವರು ಒಂದು ಸಂಡಿಗೆಯ ಮೇಲಿನ ಮಸಿಯನ್ನು ಉಗುರಿನಿಂದ ಕೆರೆದರು. “ಶುಕ್ರವಾರ ವಸಾದಾಗಿ ಇಡ್ತೀವಿ. ಅವತ್ತಾದ್ರೂ ಮಸಿ ಬುಡ್ದಂಗೆ ಮಾಡವ್ವ.”

“ಆಗಲಿ ಅಮ್ಮ,” ಎಂದೆ. ಮೆಟ್ಟಿಲ ಬಳಿ ನಿಂತು, ಕೇಳದೆ ಇರಲಾರದೆ ಕೇಳಿದೆ. “ಎರಡು ದಿನ ಮಸಿ ಬಿದ್ದಿದೆಯಲ್ಲ, ಒಂದು ಮಾತು ಬಂದು ಕೂಗೋದಲ್ವಾ ನೀವು?”

ಚಲುವಮ್ಮ ಸೊಂಟದ ಮೇಲೆ ಕೈ ಇಟ್ಟರು. “ಕೂಗ್ದೆ ಇದ್ದೀವಾ? ಎರಡು ದಿನವೂ ಮಧ್ಯಾನ ನಿಮ್ಮ ಗೇಟಿನ ತಾವ ಗಂಟ್ಲು ಹರ್ಕಂಡೋ. ಆ ಮಧ್ಯಾನದ ಗೇಟಿನವ್ನು ‘ಕಂಪ್ಲೇಂಟು ಬರ್ದು ಮೇಲ್ಗಡಿಕೆ ಕಳ್ಸಿವ್ನಿ, ಹೋಗ್ರಮ್ಮ’ ಅಂದ. ನಿಮ್ಗೆ ಬರ್ನಿಲ್ವಾ?”

ಬಂದಿತ್ತು. ನನಗೇ ಬಂದಿತ್ತು. ಓಣಿಯನ್ನು ಹೇಗೆ ದಾಟಿದೆನೋ ಗೊತ್ತಿಲ್ಲ. ಬಂದು ಕೂತು ‘ಊರು’ ತೆರೆದೆ. ಸುತ್ತಲ ಜನರ ದೂರುಗಳು ಆಫೀಸಿಗೆ ತಲುಪಲೆಂದು ಯಾರೋ ಹಿಂದೆ ಮಾಡಿದ್ದ ಪಟ್ಟಿ ಅದು. ಮಾಡಿದವರು ಕೆಲಸ ಬಿಟ್ಟಿದ್ದರು, ಹಾಗಾಗಿ ಅದಕ್ಕೂ ಯಜಮಾನರಿರಲಿಲ್ಲ, ಹಾಗಾಗಿ ಅದರ ಬಾಯಿಯನ್ನೂ ನಾನೇ ಮುಚ್ಚಿದ್ದೆ. ಸೋಮವಾರದ್ದು: ‘ಹೆಂಗಸರು ಬಂದು ಸಂಡಿಗೆ ಮೇಲೆ ಮಸಿ ಬಿದ್ದಿದೆ ಎಂದು ಗಲಾಟೆ ಮಾಡುತ್ತಿದ್ದಾರೆ, ಏನು ಹೇಳಬೇಕು ತಿಳಿಸಿ.’ ಮಂಗಳವಾರದ್ದು: ‘ಇವತ್ತೂ ಬಂದಿದ್ದಾರೆ. ದಯವಿಟ್ಟು ಯಾರಾದರೂ ತಿಳಿಸಿ.’

ನಿರಂಜನ್ ಸರ್ ತಮ್ಮ ವರದಿಯನ್ನು ಆಗಲೇ ಬರೆದು ಮುಗಿಸುತ್ತಿದ್ದರು. ಯಜಮಾನರಿಲ್ಲದ ಪಟ್ಟಿಗಳು ಇಂತಿಷ್ಟು, ಬಂದ ದೂರುಗಳು: ಇಲ್ಲ. ನಾನು ಆ ಎರಡು ಮೇಲ್‌ಗಳನ್ನು ಅವರ ಪರದೆಯ ಮೇಲೆ ತೆರೆದಿಟ್ಟು, ಗೇಟಿನಿಂದ ತಾರಸಿಯವರೆಗೆ ನಡೆದದ್ದೆಲ್ಲ ಹೇಳಿದೆ. ಹೇಳುವಾಗ ನನ್ನ ದನಿ ಏರಿತ್ತು ಅಂತ ಕಾಣುತ್ತದೆ, ಪಕ್ಕದ ಮೇಜಿನವರು ತಲೆಯೆತ್ತಿದರು.

ಸರ್ ಎರಡನ್ನೂ ಓದಿದರು. ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಇನ್ನೊಂದು ಸಲ ಓದಿದರು.

“ಅಂದ್ರೆ… ಕೂಗ್ತಾರಾ ಅಂತ ಕಾಯ್ತಾ ಕೂತು, ಕೂಗೋ ಬಾಯನ್ನೇ ಮುಚ್ಚಿಟ್ಟಿದ್ವಾ ನಾವು?”

“ಹೌದು ಸರ್.”

“ಎರಡನ್ನೂ ಈಗ್ಲೇ ಬಿಚ್ಚಿ. ‘ಊರು’ ನನ್ನ ಹೆಸರಿಗೆ ಹಾಕಿ. ‘ಸಂಡಿಗೆ’ಗೆ ಯಜಮಾನರು ಯಾರು?”

“ನಾನೇ ಸರ್.”

ಅವರು ಬರೆದುಕೊಂಡರು. ಆದರೆ ಶುಕ್ರವಾರದ ವಿಷಯದಲ್ಲಿ ಅವರೂ ಏನೂ ಮಾಡುವಂತಿರಲಿಲ್ಲ. ಶುಕ್ರವಾರ ಬೆಳಗಿನಿಂದ ಸಂಜೆಯವರೆಗೆ ಹಳೇ ಸರ್ವರ್ ನಿಲ್ಲಿಸಿ ಹೊಸದಕ್ಕೆ ಸಾಗಿಸುವುದೆಂದು ತಿಂಗಳ ಹಿಂದೆಯೇ ಗೊತ್ತುಮಾಡಿಯಾಗಿತ್ತು, ಹೊರಗಿನ ಕಂಪನಿಯವರೂ ಬರುವವರಿದ್ದರು. ಇಡೀ ಕಾರ್ಖಾನೆಯಲ್ಲಿ ಆ ದಿನ ಒಂದು ಮೇಲ್ ಕೂಡ ಹೋಗುವುದಿಲ್ಲ. ಚಲುವಮ್ಮನಿಗೆ ಉಳಿದಿದ್ದ ದಿನವೂ ಅದೇ.

ಗುರುವಾರ ಪ್ರಸನ್ನನಿಗೆ ಎಲ್ಲ ಹೇಳಿದೆ. ಮಸಿಯ ಕಥೆ ಕೇಳಿ ಅವನ ಮುಖ ಸಣ್ಣದಾಯಿತು. “ನನ್ ಕೈಯಲ್ಲೇ ಆಯ್ತಲ್ಲ ಮೇಡಂ,” ಎಂದ. ಹಾಗಾದರೆ ನಾಳೆ ಊದಲೇಬೇಡಿ ಎಂದದ್ದಕ್ಕೆ ಆಗದೆಂದು ತಲೆಯಾಡಿಸಿದ. “ನಾಳೆ ಮೋಡ ಆಗಿ ಅವರು ಇಡದೇ ಇದ್ರೆ? ದೊಡ್ಡ ಲೋಡ್ ಅದೆ, ಸುಮ್ಸುಮ್ನೆ ತಡ್ಕಂಡ್ರೆ ಪ್ರೆಷರ್ ಬಿದ್ದೋಯ್ತದೆ, ಮಾಲು ಕೆಡ್ತದೆ. ಅವರು ಇಟ್ರು ಅಂತ ಗೊತ್ತಾದ್ರೆ ಯಾರೇನಂದ್ರೂ ಊದಲ್ಲ. ‘ಬೇಡ’ ಬರ್ಲಿ ಸಾಕು.”

“ನಾಳೆ ಮೇಲ್ ಬರಲ್ಲ ಪ್ರಸನ್ನ.”

“ಮತ್ತೆ ಎಂಗೆ?”

“ನಾನು ಬರ್ತೀನಿ.”

ಶುಕ್ರವಾರ ಬೆಳಗ್ಗೆ ಮೋಡ ಕವಿದಿತ್ತು. ಸರ್ವರ್ ನಿಂತಿತು. ಹೊರಗಿನಿಂದ ಬಂದ ಇಬ್ಬರು ಪರದೆ ನೋಡುತ್ತ ಕೂತರು, ನಾನೂ ಅವರ ಪಕ್ಕದಲ್ಲೇ ಕೂತಿರಬೇಕಿತ್ತು. ನನ್ನ ಕಾಲು ನಿಲ್ಲುತ್ತಿರಲಿಲ್ಲ. ನಿರಂಜನ್ ಸರ್ ತಮ್ಮ ಕುರ್ಚಿ ಎಳೆದುಕೊಂಡು ಬಂದು ನನ್ನ ಜಾಗದಲ್ಲಿ ಕೂತರು.

“ಹೋಗಿ ಬನ್ನಿ ಧರಣಿ. ಇಲ್ಲಿ ನಾನಿರ್ತೀನಿ. ನೀವು ಹೀಗೆ ಕೂತ್ರೆ ಕುರ್ಚಿ ಮುರಿಯುತ್ತೆ.”

ಬೀರಯ್ಯನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತೆ. ತಾರಸಿಯ ಮೇಲೆ ತಲೆಗಳು ಓಡಾಡುವುದು ಕಾಣುತ್ತಿತ್ತು. ಯಾರೋ ಆಕಾಶ ನೋಡುತ್ತಿದ್ದರು. ಹಾಸಿದ್ದ ಬಟ್ಟೆಯನ್ನು ಒಂದು ಸಲ ಸುತ್ತಿದರು, ಮತ್ತೆ ಹಾಸಿದರು. ಸೀರೆ ಮಾತ್ರ ಇಲ್ಲ. ಚಹಾದ ಗಂಟೆ ಹೊಡೆಯಿತು. ಪ್ರಸನ್ನ ಚಹಾ ಕುಡಿದು ಬಾಯ್ಲರ್ ಮನೆಗೆ ಹೋಗಿರುತ್ತಾನೆ. ನನಗೆ ಚಾಮುಂಡಿ ತಾಯಿಯ ನೆನಪಾಯಿತು. ಪರೀಕ್ಷೆಯ ಫಲಿತಾಂಶ ಬಿಟ್ಟರೆ ಬೇರೆ ಯಾವುದಕ್ಕೂ ನಾನು ಆ ತಾಯಿಗೆ ತೊಂದರೆ ಕೊಟ್ಟವಳಲ್ಲ.

ಮೋಡ ಸರಿದು ಬಿಸಿಲು ಓಣಿಯ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ತಾರಸಿಯ ಅಂಚಿನಲ್ಲಿ ಕೆಂಪು ಸೀರೆ ಹಾರಿತು.

ಬೀರಯ್ಯ ಅಭ್ಯಾಸಬಲದಿಂದ ಕಂಪ್ಯೂಟರಿಗೆ ಬಗ್ಗಿ ‘ಬೇಡ’ ಎಂದು ಹೊಡೆದ. “ಮೇಡಮ್ಮೋರೆ, ಓಯ್ತಾ ಇಲ್ಲ ಇದು!” ಎನ್ನುವುದು ಬೆನ್ನ ಹಿಂದೆ ಕೇಳಿಸಿತು. ನಾನಾಗಲೇ ಓಡುತ್ತಿದ್ದೆ.

ಕಾರ್ಖಾನೆಯ ಅಂಗಳದಲ್ಲಿ ಓಡಬಾರದು ಎಂದು ಗೋಡೆ ಗೋಡೆಗೂ ಬರೆದಿದ್ದಾರೆ. ಫೋರ್ಕ್‌ಲಿಫ್ಟಿನವನು ಬ್ರೇಕ್ ಹಾಕಿ ಏನೋ ಬೈದ. ಬಾಯ್ಲರ್ ಮನೆಯ ಬಾಗಿಲಿಗೆ ಬಂದಾಗ ಪ್ರಸನ್ನನ ಬೆನ್ನು ನನ್ನ ಕಡೆಗಿತ್ತು, ಕೈ ಹಬೆ ಬಿಡುವ ಚಕ್ರದ ಮೇಲಿತ್ತು. “ಬೇಡ!” ಎಂದು ಕೂಗಿದೆ. ನನ್ನ ಕೂಗು ನನ್ನ ಕಿವಿಗೇ ಕೇಳಲಿಲ್ಲ. ಇನ್ನೊಂದು ಸಲ ಗಂಟಲು ಹರಿಯುವಂತೆ ಕೂಗಿದೆ. ಹಬೆ ಅದನ್ನೂ ನುಂಗಿತು. ಗೇಟಿನ ಆಚೆ ನಿಂತು ಕೂಗಿದವರಿಗೆ ಹೇಗಾಗಿತ್ತು ಎಂದು ಆಗ ನನಗೆ ಗೊತ್ತಾಯಿತು.

ಓಡಿಹೋಗಿ ಅವನ ಎದುರು ನಿಂತು ಎರಡೂ ಕೈ ಅಡ್ಡಡ್ಡ ಆಡಿಸಿದೆ. ಪ್ರಸನ್ನ ಬೆಚ್ಚಿದ. ನನ್ನ ಮುಖ ನೋಡಿದ. ಆಮೇಲೆ ಚಕ್ರದಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದು, ಒಂದು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ‘ಸಂಜೆಗೆ’ ಎಂದು ಬರೆದು ಚಕ್ರಕ್ಕೆ ನೇತುಹಾಕಿದ.

ಸಂಜೆ ಬಸ್ಸು ಹಿಡಿಯುವ ಮುಂಚೆ ಚಲುವಮ್ಮನ ಮನೆಗೆ ಹೋಗಿ ಅವರ ಫೋನ್ ಕೇಳಿದೆ. ಮೇಲ್ ವಿಳಾಸ ಇದೆಯಾ ಎಂದಾಗ, “ಫೋನ್ ತಕಂಡಾಗ ಅಂಗ್ಡಿಯವ್ನು ಅದೇನೋ ಮಾಡ್ಕೊಟ್ಟ, ನಾನು ಮುಟ್ಟಿಲ್ಲ” ಎಂದರು. ಅದನ್ನು ಹುಡುಕಿ ತೆರೆದು, ಹೊಸ ಸರ್ವರಿನಲ್ಲಿ ‘ಸಂಡಿಗೆ’ಗೆ ಸೇರಿಸುವುದೆಂದು ಗುರುತು ಹಾಕಿಕೊಂಡೆ. ಹೊರಗಿನವರನ್ನು ಪಟ್ಟಿಗೆ ಸೇರಿಸಲು ನಿರಂಜನ್ ಸರ್ ಒಪ್ಪಿಗೆ ಬೇಕು. ಫೋನ್ ಮಾಡಿ ಕೇಳಿದೆ, ಯಾಕೆ ಎಂದೂ ಅನ್ನದೆ ಆಗಲಿ ಎಂದರು.

“ನೀವು ಸೀರೆ ಕಟ್ಟಿದ ಮೇಲೆ ಈ ಫೋನು ಟಿಣ್ ಅನ್ನಬೇಕು ಅಮ್ಮ. ಅಂದರೆ ಬಾಯ್ಲರ್ ಮನೆಗೂ ಹೋಗಿದೆ ಅಂತ. ಅನ್ನಲಿಲ್ಲ ಅಂದರೆ ನನಗೆ ಫೋನ್ ಮಾಡಿ ಕೂಗಿ. ಗೇಟಿಗೆ ಹೋಗಬೇಡಿ.”

“ಕೂಗದ್ರಲ್ಲಿ ನನ್ನ ಮೀರ್ಸೋರಿಲ್ಲ ಕಣವ್ವ,” ಎಂದರು ಚಲುವಮ್ಮ. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶನಿವಾರ, ಭಾನುವಾರ ಬಿಸಿಲಿತ್ತು. ದಟ್ಟಗಳ್ಳಿಯ ನಮ್ಮ ಮನೆಯಲ್ಲಿ ಕೂತು ನಾನು ಎರಡು ದಿನವೂ ಕಿಟಕಿಯಿಂದ ಆಕಾಶ ನೋಡಿದೆ.

ಸೋಮವಾರ ಹೊಸ ಸರ್ವರ್ ಎದ್ದು ನಿಂತಿತ್ತು. ಪಟ್ಟಿಗಳ ಹೊಸ ಅರ್ಜಿಯಲ್ಲಿ ನಿರಂಜನ್ ಸರ್ ತಾವೇ ಒಂದು ಪ್ರಶ್ನೆ ಸೇರಿಸಿದ್ದರು: ‘ಈ ಪಟ್ಟಿ ನಿಂತರೆ ತೊಂದರೆಯಾಗುವವರು ಯಾರು? ಅವರಿಗೆ ಮೇಲ್ ಇದೆಯೇ?’ ಜನ ಅದನ್ನು ತುಂಬಲು ಗೊಣಗುತ್ತಿದ್ದರು. ನಾನು ಕೆಲಸ ಮಾಡಿದಂತೆ ಮಾಡುತ್ತ ಅಗ್ರಹಾರದ ಕಡೆಗೇ ಕಿವಿ ಇಟ್ಟುಕೊಂಡಿದ್ದೆ. ಅಲಮೇಲು ಈಗ ಡಬ್ಬ ತೆರೆದಿರಬಹುದು. ಬೆಳಕಿಗೆ ಹಿಡಿದು ನೋಡುತ್ತಿರಬಹುದು. ಬೆರಳಿನಿಂದ ಒರೆಸುತ್ತಿರಬಹುದು. ಊಟದ ಹೊತ್ತಾಯಿತು, ಫೋನ್ ಬರಲಿಲ್ಲ. ನಾನಾಗಿ ಮಾಡಲು ಧೈರ್ಯ ಬರಲಿಲ್ಲ.

ಆಮೇಲೆ ‘ಸಂಡಿಗೆ’ಗೆ ಒಂದು ಮೇಲ್ ಬಂತು. ಗೇಟಿನಿಂದಲ್ಲ. ಬಾಯಲ್ಲಿ ಹೇಳಿ ಫೋನಿನಿಂದಲೇ ಬರೆಸಿದ್ದು, ಚುಕ್ಕೆ ಅಲ್ಪವಿರಾಮ ಯಾವುದೂ ಇರಲಿಲ್ಲ.

‘ಅಲಮೇಲಮ್ಮೋರು ಒರಸಿ ನೋಡಿದರು ಒಂದು ಕರಿದು ನೋಡಿದರು ಎಲ್ಲಾ ತಗೊಂಡರು ಇನ್ನೂ ಬೇಕಂತೆ ನಾಳೆ ಸೀರೆ ಕಟ್ಟುತೀವಿ’

ಇಷ್ಟು ವರ್ಷಗಳಲ್ಲಿ ಒಂದೇ ಒಂದು ಪದ ಹೊತ್ತು ಓಡಾಡಿದ್ದ ಪಟ್ಟಿ ಅದು. ನಾನು ಎರಡು ಮೂರು ಸಲ ಓದಿದೆ, ಅಕ್ಷರಗಳು ಕಲೆಸಿದಂತಾದವು, ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಇನ್ನೊಂದು ಬಂತು, ಬಾಯ್ಲರ್ ಮನೆಯಿಂದ. ಆ ಪಟ್ಟಿಗೆ ಯಾರಾದರೂ ಕೊಟ್ಟ ಮೊದಲ ಉತ್ತರ ಅದು.

‘ಆಗಲಿ ಅಮ್ಮ. ಸಂಜೆಗೇ ಊದುತ್ತೇವೆ.’